ಯಮುನಾ ಮೇಡಂ ಕೂಡಿಸಿದ ಗುಂಪುಗಳು

ಭಾನುವಾರ, 14 ಜುಲೈ 2024. ಬೆಳಿಗ್ಗೆ ತುಂತುರು, ಹತ್ತರ ನಂತರ ಮೋಡವಿದ್ದರೂ ಮಳೆಯಿಲ್ಲ.

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಮುನಾ ಮೇಡಂ ಇಪ್ಪತ್ತು ವರ್ಷಗಳಿಂದ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದಾರೆ. ಕಣ್ಣಿಗೆ ತೋರಿಸದೆ ಏನನ್ನೂ ಬಾಯಿಪಾಠ ಮಾಡಿಸಬಾರದೆಂಬುದು ಅವರ ವ್ರತ. ಜನರ ಗುಂಪುಗಳಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳ ಪಾಠ ಬಂದಾಗ, ‘ಕ್ಯೂ’ ತೋರಿಸಲೆಂದು ಮಕ್ಕಳನ್ನು ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲಿಸಿದರು. ಪೋಷಕರು ಕೆರಳಿದರು. ಅದೇ ಪಾಠವನ್ನು ಕೋಣೆಯಲ್ಲೇ ತೋರಿಸಲು ಮೇಡಂ ಇಂದು ಪೋಷಕರನ್ನೂ ಕರೆದಿದ್ದರು; ಆ ಪ್ರದರ್ಶನ ಹಿಡಿಸದಿದ್ದರೆ ಮಕ್ಕಳನ್ನೆಲ್ಲ ಆನ್‌ಲೈನ್ ತರಗತಿಗೆ ಸೇರಿಸುವುದಾಗಿ ವಿದ್ಯಾರ್ಥಿನಿ ಆರಾಧನಾಳ ತಂದೆ ಅನಿಲ್ ಕುಮಾರ್ ಎಲ್ಲರ ಪರವಾಗಿ ತಿಳಿಸಿದ್ದರು. ಹಾಗಾದರೆ ಕೋಣೆಗೆ ಬೀಗವೇ ಗತಿ.

ಆದ್ದರಿಂದ ಮೇಡಂ ಬೀದಿಯವರನ್ನೇ ಗುಂಪುಗಳಾಗಿ ವಿಂಗಡಿಸಿದರು. ‘ಬೋರ್ಡ್ ಆಫ್ ಡೈರೆಕ್ಟರ್ಸ್’ ಸೇರಲು ಪೈಪೋಟಿಯಿತ್ತು. ತರಕಾರಿ ಮಂಡಿಯ ಮುನಿರಾಮಪ್ಪನವರು ಮಗನ ಮದುವೆಯ ಕೋಟು ಹಾಕಿಕೊಂಡೇ ಬಂದರು. ‘ಗ್ಯಾಂಗ್ ಆಫ್ ಥೀವ್ಸ್’ಗೆ ಯಾರೂ ಒಪ್ಪಲಿಲ್ಲ.

“ನೀವೂ ನಮ್ ಹರಿಕೃಷ್ಣಾನೂ ಆಗ್ಬಿಡಿ ಸಾರ್,” ಎಂದು ಮೇಡಂ ನನ್ನನ್ನು ತಮ್ಮ ಸೋದರನ ಜೊತೆಗೆ ಸೇರಿಸಿದರು.

“ಇಬ್ರಿಗೇ ಗ್ಯಾಂಗ್ ಅಂತಾರಾ ಮೇಡಂ?”

“ಮಿಕ್ಕೋರು ಜೈಲಲ್ಲಿದಾರೆ ಅಂದ್ಕೊಳ್ಳಿ.”

ಹಾಡುವವರ ಗುಂಪಾದ ‘ಕ್ವಾಯರ್’ಗೆ ಪ್ರತಿಭಮ್ಮನವರ ಭಜನಾ ಮಂಡಳಿ. ಎರಡೇ ನಿಮಿಷ ಹಾಡಬೇಕೆಂದು ಮಾತಾಗಿತ್ತು. ಆದರೆ ಅವರು ಅಭ್ಯಾಸಬಲದಿಂದ ಗಣಪತಿಯ ಹಾಡನ್ನೇ ಎತ್ತಿಕೊಂಡರು. ಗಣಪತಿಯನ್ನು ಕರೆದ ಮೇಲೆ ಮಂಗಳ ಹಾಡದೆ ನಿಲ್ಲಿಸುವಂತಿಲ್ಲ. ಮಂಗಳಾರತಿಯಾಗದೆ ಯಾರೂ ಏಳುವಂತಿಲ್ಲ. ನಿಲ್ಲಿಸಿರೆಂದು ಮೇಡಂ ಕೈ ಬೀಸಿದರು. ಪ್ರತಿಭಮ್ಮ ಅದನ್ನು ಮೆಚ್ಚುಗೆಯೆಂದು ಭಾವಿಸಿ ದೇವಿಯ ಹಾಡಿಗೆ ಹೋದರು.

ಅನಿಲ್ ಕುಮಾರ್ ಚಪ್ಪಲಿಯತ್ತ ನೋಡುತ್ತಾ ಮೆಲ್ಲನೆ ಎದ್ದರು.

“ಮಂಗಳಾರತಿ ತಗೊಂಡು ಹೋಗಪ್ಪಾ, ಅರ್ಧಕ್ಕೆದ್ದು ಹೋಗ್ಬಾರ್ದು,” ಎಂದರು ಮುನಿರಾಮಪ್ಪನವರು, ಬೋರ್ಡಿನ ಪರವಾಗಿ.

ಅನಿಲ್ ಕುಮಾರ್ ಕುಳಿತರು. ಉಳಿದ ಪೋಷಕರೂ ಕದಲಲಿಲ್ಲ. ಕಾಲ ಕಳೆಯಲು ಮಕ್ಕಳು ತಂದೆತಾಯಿಯ ಪಕ್ಕಕ್ಕೆ ಸರಿದು, ಕೋಣೆಯಲ್ಲಿದ್ದ ಒಂದೊಂದೇ ಗುಂಪನ್ನು ತೋರಿಸಿ ಅದರ ಹೆಸರನ್ನು ಹೇಳಿಕೊಡತೊಡಗಿದರು. ತಪ್ಪಿದ ತಂದೆಯರ ತಲೆಯ ಮೇಲೆ ಮೊಟಕಿದ್ದನ್ನೂ ಕಂಡೆ. ಕೊನೆಗೆ ಆರತಿಗೆ ಜಾಗಟೆ ಬಾರಿಸುವವರು ಬೇಕಾದರು. ಕೈ ಖಾಲಿಯಿದ್ದವರು ಕಳ್ಳರು ಮಾತ್ರ. ಮುಖಕ್ಕೆ ಕಪ್ಪು ಕರ್ಚೀಫು ಕಟ್ಟಿಕೊಂಡೇ ಬಾರಿಸಿದೆವು.

ಮಂಡಳಿಯವರು ತಂದಿದ್ದ ಕೋಸಂಬರಿ ತಿನ್ನುತ್ತಾ ಆರಾಧನಾ ಕೇಳಿದಳು: “ಅಪ್ಪಾ, ನೀವೆಲ್ಲ ಇಷ್ಟೊತ್ತು ಕೂತಿದ್ರಲ್ಲ, ಅದಕ್ಕೇನಂತಾರೆ ಹೇಳು?”

“ಕರ್ಮ ಅಂತಾರೆ.”

“ಅಲ್ಲಪ್ಪಾ! ಆಡಿಯನ್ಸ್!”

ಅನಿಲ್ ಕುಮಾರ್ ಜೋರಾಗಿ ನಕ್ಕುಬಿಟ್ಟರು. “ಇವಳು ಇಲ್ಲಿಗೇ ಬರ್ಲಿ ಬಿಡಿ ಮೇಡಂ. ಮುಂದಿನ್ ಪಾಠಕ್ಕೆ ಮಾತ್ರ ಭಜನೆ ಬೇಡ.” ಉಳಿದವರೂ ತಲೆಯಾಡಿಸಿದರು. ಮೇಡಂ ಅವರಿಗೆ ಇನ್ನೊಂದು ದೊನ್ನೆ ಕೋಸಂಬರಿ ಕೊಟ್ಟರು.

ಖರ್ಚು: ಕಪ್ಪು ಕರ್ಚೀಫು, ಮೂವತ್ತು ರೂಪಾಯಿ. ಮಂಗಳಾರತಿ ತಟ್ಟೆಗೆ, ಹತ್ತು.