ಜೈಲಿಗೆ ಬಾಳೆಹಣ್ಣು ಒಯ್ದ ನರ್ಸಮ್ಮ

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ಯಾವುದಕ್ಕೂ ‘ಇರ್ಲಿ ಬುಡವ್ವ’ ಅನ್ನುತ್ತಿದ್ದರು. ಇಂಜೆಕ್ಷನ್‌ಗೆ ಹೆದರಿದ ಮಗು ಕೈ ಕಚ್ಚಿದರೂ ಅಷ್ಟೇ, ನಮ್ಮ ಮೇಕೆ ಅವರ ಕನಕಾಂಬರದ ಗಿಡ ಮೇಯ್ದರೂ ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ಚೇಳೂರು ರಸ್ತೆಯಲ್ಲಿ ಅವರ ಗಂಡನ ಸೈಕಲ್ಲಿಗೆ ಟೆಂಪೋ ಗುದ್ದಿತು. ಗಂಡ ಅಲ್ಲೇ ತೀರಿಕೊಂಡರು. ಹಿಂದೆ ಕೂತಿದ್ದ ನರ್ಸಮ್ಮನೇ ಸಾಕ್ಷಿ. ಟೆಂಪೋ ಡ್ರೈವರನ ತಾಯಿ ಬಂದು ಕಾಲು ಹಿಡಿದಾಗ, ನರ್ಸಮ್ಮ ಅದೇ ‘ಇರ್ಲಿ ಬುಡವ್ವ’ ಹೇಳುತ್ತಾರೆಂದುಕೊಂಡೆ. ಹೇಳಲಿಲ್ಲ. ಕೋರ್ಟಿನಲ್ಲಿ ಕಂಡದ್ದನ್ನೆಲ್ಲ ಹೇಳಿದರು. ಅವನಿಗೆ ಶಿಕ್ಷೆಯಾಯಿತು.

ಮುಂದಿನ ಭಾನುವಾರ ಚರ್ಚು ಮುಗಿಸಿ, ಬಾಳೆಹಣ್ಣು ಕಟ್ಟಿಕೊಂಡು, ಅವನನ್ನು ನೋಡಲು ತುಮಕೂರಿನ ಜೈಲಿಗೆ ಹೊರಟರು.

“ಇಷ್ಟು ಕನಿಕರ ಇದ್ದೋರು ಕೋರ್ಟಲ್ಲೇ ಬಿಟ್ಬುಡಬೋದಿತ್ತಲ್ಲ ನರ್ಸಮ್ಮ?” ಎಂದೆ.

“ತಪ್ಪನ್ನ ತಪ್ಪೇ ಅಲ್ಲ ಅನ್ನೋಕಾಯ್ತದಾ? ಅಂಗಂದಿದ್ರೆ ಯೇಸುಸ್ವಾಮಿ ಶಿಲುಬೆ ಮೇಲೆ ಸಾಯ್ಬೇಕಾಗೇ ಇರ್ಲಿಲ್ಲ. ನಮ್ ತಪ್ಪಿನ ಶಿಕ್ಷೇನ ತಾನೇ ಹೊತ್ಕೊಂಡ, ನಮ್ ಕೈ ಬಿಡ್ಲಿಲ್ಲ. ಇವನ ಶಿಕ್ಷೆ ಹೊರೋಕೆ ನನ್ ಕೈಲಾಗಲ್ಲ ಕಣವ್ವ. ಒಂದ್ಗಳಿಗೆ ಜೊತೇಲಿ ಇರ್ಬೋದು, ಅಷ್ಟೇಯ.”

ಎರಡು ಭಾನುವಾರ ಅವನು ಭೇಟಿಗೆ ಹೊರಗೆ ಬರಲೇ ಇಲ್ಲ. ಮೂರನೆಯ ಭಾನುವಾರ ಸಂಜೆ ಬಸ್ಸಿಳಿದು ಬಂದವರ ಚೀಲ ಖಾಲಿಯಾಗಿತ್ತು, ಕಣ್ಣು ಕೆಂಪಗಿದ್ದವು.

“ಏನಂದ?” ಎಂದು ಕೇಳಿದೆ.

“ನಿಮ್ಮೆಜಮಾನ್ರು ಎಂಥೋರಮ್ಮ ಅಂತ ಕೇಳ್ದ. ಪೊಲೀಸ್ನೋರು ಟೈಮಾಯ್ತು ಅನ್ನೋಗಂಟ ಹೇಳ್ತಾನೇ ಇದ್ದೆ” ಎಂದು ಮೆಟ್ಟಿಲ ಮೇಲೆ ಕೂತರು. “ಅವ್ರು ಹೋದ್ಮೇಲೆ ಅವ್ರ ಬಗ್ಗೆ ನನ್ನ ಯಾರೂ ಕೇಳಿರ್ಲಿಲ್ಲ ಕಣವ್ವ.”