ಕಿಟಕಿ, ಹಣ್ಣು, ಹಕ್ಕಿ: ಮೂವರಿಗೂ ಒಬ್ಬರೇ ಮಲ್ಲಾಜಮ್ಮ

ಊಟಿ ಮಾರ್ಕೆಟ್ಟಿಗೆ ಕ್ಯಾರೆಟ್ ಲಾರಿಗಳು ಬಂದು ನಿಲ್ಲುವ ಹೊತ್ತು. ಹುಲ್ಲಿನ ಮೇಲೆ ಇನ್ನೂ ಬೆಳ್ಳಗೆ ಹಿಮ. ಹಿಂದಿನ ಓಣಿಯ ಜೆರಾಕ್ಸ್ ಅಂಗಡಿಯ ಷಟರ್ ಅರ್ಧ ಮೇಲೇರಿದೆ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಶಾಲಿನೊಳಗೆ ಏನನ್ನೋ ಅವುಚಿಕೊಂಡು ಕೂತಿದ್ದಾರೆ. ಬೆಕ್ಕಿನ ಮರಿಯಲ್ಲ, ಬಿಸಿ ಬನ್ನೂ ಅಲ್ಲ. ಅದೊಂದು ಹಾರ್ಡ್ ಡಿಸ್ಕ್; ಕಂಪ್ಯೂಟರಿಗೆ ಹೊರಗಿನಿಂದ ತಂತಿ ಹಚ್ಚಿ ಬಳಸುವ, ಪುಸ್ತಕದಷ್ಟಗಲದ ಪೆಟ್ಟಿಗೆ.

"ಬಸ್ಸಿನ ಚಳೀಲಿ ನಡುಗ್ತಾ ಬಂದದೆ. ಬಂದೇಟ್ಗೇ ಕರೆಂಟ್ ಕೊಟ್ರೆ ಒಳಗೆಲ್ಲಾ ಬೆವರ್ತದೆ. ನೆಂಟ್ರು ಬಂದೇಟ್ಗೇ ಕಳೆ ಕೀಳಕ್ಕೆ ಕಳಿಸ್ತಾರಾ?" ಎನ್ನುತ್ತಾರೆ ಮಲ್ಲಾಜಮ್ಮ. ಊಟಿಯ ಚಳಿ ಕಲಿಸಿದ ಚಾಳಿ ಇದು.

ಗುಂಡ್ಲುಪೇಟೆ ಕಡೆಯ ಈಕೆ ಗಂಡ ಶಿವಲಿಂಗಯ್ಯನವರ ತರಕಾರಿ ಮಂಡಿಯ ಜೊತೆ ಘಟ್ಟ ಹತ್ತಿದವರು. ಮಂಡಿ ಸೊರಗಿತು, ಜೆರಾಕ್ಸ್ ಬಂತು, ಬೆನ್ನಿಗೇ ಕಂಪ್ಯೂಟರ್ ಬಂತು. ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಾತ ಹೇಳದೆ ಕೇಳದೆ ಕೆಲಸ ಬಿಟ್ಟಾಗ, ಖಾಲಿ ಕುರ್ಚಿ ನೋಡಲಾಗದೆ ತಾವೇ ಕೂತರು. ಇನ್ನೂ ಎದ್ದಿಲ್ಲ.

"ಮೂಟೇಲಿ ಯಾವ ಆಲೂಗೆಡ್ಡೆ ಕೊಳೆತದೆ ಅಂತ ಮೂಗಲ್ಲೇ ಹೇಳ್ತಿದ್ಲು. ಈಗ ಪೆಟ್ಟಿಗೆಗೆ ಕಿವಿ ಕೊಡ್ತಾಳೆ. ನನ್ ಮಾತಿಗೆ ಮಾತ್ರ ಇಲ್ಲ," ಎಂದು ದೂರುತ್ತಾರೆ ಶಿವಲಿಂಗಯ್ಯ.

"ನಿಮ್ದು ಕೇಳಿ ಕೇಳಿ ಬಾಯಿಪಾಠ ಆಗದೆ ಕನ್ರೀ!"

ಊಟಿಯ ಸ್ಟುಡಿಯೋಗಳಲ್ಲಿ ವಿಂಡೋಸ್. ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಕೊಯಮತ್ತೂರಿನವರಲ್ಲಿ ಮ್ಯಾಕ್. ಒಂದೆರಡು ಶಾಲೆಗಳಲ್ಲಿ ಪೆಂಗ್ವಿನ್ ಗುರುತಿನ ಲಿನಕ್ಸ್. ಒಬ್ಬರು ತುಂಬಿಕೊಟ್ಟ ಪೆಟ್ಟಿಗೆ ಇನ್ನೊಬ್ಬರ ಮುಂದೆ ಬಾಯಿ ಬಿಡುವುದಿಲ್ಲ; ಬಿಡಿಸುವುದೇ ಇವರ ಕೆಲಸ. ಲಾಂಛನ ನೋಡಿ ಮಲ್ಲಾಜಮ್ಮ ಇವಕ್ಕೆ ಕಿಟಕಿ, ಹಣ್ಣು, ಹಕ್ಕಿ ಎಂದು ಹೆಸರಿಟ್ಟಿದ್ದಾರೆ. ಮೂರಕ್ಕೂ ಮೂರು ದನಿ. ಕಿಟಕಿಯದು ತಾಲ್ಲೂಕು ಕಚೇರಿಯ ಗುಮಾಸ್ತನ ಗತ್ತು: "ಹಣ್ಣಿನೋರ ಪೆಟ್ಟಿಗೆಯಾ? ಇದ್ರಲ್ಲಿ ಏನೂ ಇಲ್ಲ. ಎಲ್ಲಾ ಗುಡ್ಸಿ ಹೊಸದಾಗಿ ಸಾರಿಸ್ಲಾ?" ಹಣ್ಣಿನದು ಮೂಗು ಮುರಿಯುವ ದೊಡ್ಡಮನೆ ಸೊಸೆಯ ರಾಗ: "ಕಿಟಕಿಯೋರದಾ? ನೋಡ್ತೀನಿ, ಕೈ ಹಾಕಲ್ಲ." ನಿಜವೇ, ಓದುತ್ತದೆ, ಬರೆಯುವುದಿಲ್ಲ. ಹಕ್ಕಿ ಮಾತ್ರ, "ಯಾರದ್ದಾದ್ರೂ ಕೊಡಿ, ಕುಕ್ಕಿ ನೋಡ್ತೀನಿ" ಎನ್ನುತ್ತದಂತೆ.

ಪೆಟ್ಟಿಗೆಯಲ್ಲಿ ಫೈಲು ಜೋಡಿಸಿಡಲು ಮೂವರೂ ಒಪ್ಪುವ ಒಂದು ಬಗೆಯಿದೆ, ಫ್ಯಾಟ್ ಮೂವತ್ತೆರಡು. "ಅದು ಛತ್ರದ ಊಟ. ಯಾರ್ ಬೇಕಾದ್ರೂ ಕೂತ್ಕೋಬೋದು. ಆದ್ರೆ ಎಲೆ ಚಿಕ್ದು." ನಾಲ್ಕು ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯದು. ಆದ್ದರಿಂದ ಉದ್ದನೆಯ ಮದುವೆಗಳನ್ನು ಮಲ್ಲಾಜಮ್ಮ ಮುಹೂರ್ತಕ್ಕೊಂದು, ಊಟಕ್ಕೊಂದು ತುಂಡು ಮಾಡಿ ಬಡಿಸುತ್ತಾರೆ. ದಿನಕ್ಕೆ ಆರೇಳು ಪೆಟ್ಟಿಗೆ. ಲಗ್ನದ ತಿಂಗಳಲ್ಲಿ ಮೇಜೇ ಕಾಣುವುದಿಲ್ಲ. ಪೆಟ್ಟಿಗೆ ತಂದವರ ಎರಡೂ ಕೈಗೆ ಮೊದಲು ಸುಡುಸುಡು ಟೀ ಲೋಟ. ಉಪಚಾರ ಎಂದುಕೊಂಡೀರಿ, ಯಾರೂ ಮೌಸ್ ಮುಟ್ಟದಿರಲಿ ಎಂಬ ಉಪಾಯ ಅದು.

ಕಳೆದ ತಿಂಗಳು ಹುಬ್ಬತಲೈ ಎಂಬ ಬಡಗರ ಹಟ್ಟಿಯಿಂದ ಬಂದ ಹಾಲನ್ ಮಾತ್ರ ಇಲ್ಲಿ ಲೋಟ ಹಿಡಿಯುವ ಮೊದಲೇ ಬೇರೆ ಕಡೆ ಮೌಸ್ ಹಿಡಿದು ಬಂದಿದ್ದರು. ಇವರ ತಾಯಿ ರಂಗಿ ಇಡೀ ಹಟ್ಟಿಗೆ ಹೆಸರಾದ ಹಾಡುಗಾರ್ತಿ. ಈಗ ಲಕ್ವ ಹೊಡೆದು ಮಾತೇ ನಿಂತಿದೆ. ಅದಕ್ಕೂ ಮೊದಲು ಗೀತಾಂಜಲಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಆ ಹಾಡುಗಳನ್ನು ತನ್ನ ಮ್ಯಾಕಿನಲ್ಲಿ ಹಿಡಿದು, ಪೆಟ್ಟಿಗೆಯಲ್ಲಿ ಒಂದು ಪ್ರತಿ ಮನೆಗೆ ಕೊಟ್ಟಿದ್ದಳು. ಆಕೆಯ ಲ್ಯಾಪ್‌ಟಾಪ್ ರೈಲಿನಲ್ಲಿ ಕಳುವಾಯಿತು. ರಂಗಿಯ ದನಿ ಉಳಿದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ. ಹಾಲನ್ ಅದನ್ನು ಬ್ರೌಸಿಂಗ್ ಸೆಂಟರೊಂದರಲ್ಲಿ ಕಿಟಕಿಗೆ ಹಚ್ಚಿದರು. ಗುಮಾಸ್ತ ಸಾರಿಸಲಾ, ಅಂದರೆ ಫಾರ್ಮ್ಯಾಟ್ ಮಾಡಲಾ, ಎಂದು ಕೇಳಿದ. ಇವರು 'ಎಸ್' ಒತ್ತಿದರು.

"ಯಾಕಪ್ಪಾ ಒತ್ದೆ?"

"ಆಫೀಸಲಿ ಏನ ಕೇಳಿದರೂ ಎಸ್ ಸಾರ್ ಎಂದೇ ಹೇಳಿ ಪಳಕ ಅಕ್ಕ. ಇಲ್ಲ ಎಂದರೆ ನಾಳೆ ಬಾ ಎಂದು ಕಳಿಸುತಾರೆ."

"ಆಮೇಲೆ ಅದ್ರ ಮೇಲೆ ಏನಾರಾ ತುಂಬ್ದಾ?"

ಹಾಲನ್ ಲೋಟದೊಳಗೇ ನೋಡುತ್ತಾರೆ. "ಪೆಟ್ಟಿ ಕೆಟ್ಟಿತಾ ಎಂದು ನೋಡಲಕ... ಸಿನಿಮಾ ಹಾಡು. ನಾಕೇ ನಾಕು."

"ಅವ್ವನ್ ಹಾಡಿನ ಮೇಲೆ ಹೀರೋನ ಕುಣಿಸ್ದಲ್ಲಪ್ಪಾ!"

ಬೈದರೂ ಮಲ್ಲಾಜಮ್ಮ ಕೈಬಿಡುವವರಲ್ಲ. ಸಾರಿಸಿದೆ ಎಂದು ಕಿಟಕಿ ಹೇಳಿದರೂ ಅದು ಕಿತ್ತಿರುವುದು ಅಂಗಡಿಯ ಬೋರ್ಡನ್ನು ಮಾತ್ರ. ಸರಕು ಒಳಗೇ ಇರುತ್ತದೆ. ಅದರ ಮೇಲೆ ಹೊಸ ಮೂಟೆ ಬಿದ್ದಷ್ಟು ಜಾಗ ಮಾತ್ರ ಹಾಳು. ಪೆಟ್ಟಿಗೆಯನ್ನು ಅವರು ಹಕ್ಕಿಗೆ ಒಪ್ಪಿಸಿ, ಸಿಕ್ಕಿದ್ದನ್ನೆಲ್ಲ ಬೇರೆ ಪೆಟ್ಟಿಗೆಗೆ ಕುಕ್ಕಿಸುತ್ತಾರೆ. ಹಾಡುಗಳು ಬರುತ್ತವೆ, ಆದರೆ ಹೆಸರೆಲ್ಲ ಉದುರಿ ಬರೀ ನಂಬರು ಹೊತ್ತು. ಯಾವುದು ಯಾವ ಹಾಡು? ಹಾಲನ್‌ಗೆ ಗೊತ್ತಿಲ್ಲ. ರಂಗಿಯನ್ನೇ ಜೀಪಿನಲ್ಲಿ ಕರೆತರುತ್ತಾರೆ.

ಒಂದೊಂದೇ ಹಾಡು ಹಾಕಿದಂತೆ ಆ ಮುದುಕಿ ಸರಿಯಿರುವ ಎಡಗೈಯಲ್ಲಿ ತೊಟ್ಟಿಲು ತೂಗುತ್ತಾಳೆ, ರಾಗಿ ಬೀಸುತ್ತಾಳೆ, ಕಳೆ ಕೀಳುತ್ತಾಳೆ. ಮಲ್ಲಾಜಮ್ಮ ಹಾಗೇ ಹೆಸರು ಟೈಪ್ ಮಾಡುತ್ತಾರೆ. ಎರಡು ಹಾಡು ನಡುವೆಯೇ ತುಂಡಾಗಿವೆ, ಕೆಲವು ಬಂದೇ ಇಲ್ಲ. ಕೊನೆಗೆ ಉಳಿಯುವುದು ನಾಲ್ಕಾರು ಸೆಕೆಂಡಿನ ಚೂರುಗಳ ರಾಶಿ.

"ಚೂರೆಲ್ಲಾ ಅಳಿಸಿಬುಡಿ ಅಕ್ಕ. ಹಾಡು ಸಿಕ್ಕಿತಲ್ಲ."

"ಕೇಳ್ದೇನೇ ಅಳಿಸಾಕೆ ನಾನೇನ್ ಕಿಟಕಿಯಾ?"

ಒಂದೊಂದೇ ಚೂರು ಹಾಕುತ್ತಾರೆ. ಕೆಮ್ಮು. ಬಾಗಿಲು ಕಿರ್ರೆನ್ನುವ ಸದ್ದು. ಗೀತಾಂಜಲಿಯ ನಗು. ಆಮೇಲೆ ರಂಗಿಯದೇ, ಹಾಡಲ್ಲದ ಒಂದು ಜೋರು ದನಿ: "ಏ ಹಾಲಾ! ತೋಟದ ಕೆಸರುಗಾಲ ತೊಳೆಯದೆ ಮತ್ತೆಯೂ ಒಳಗ ಬಂದಿಯಾ? ಕತ್ತೆ!"

ನಲವತ್ತೈದರ ಹಾಲನ್ ಥಟ್ಟನೆ ತಮ್ಮ ಕಾಲು ನೋಡಿಕೊಳ್ಳುತ್ತಾರೆ. ರಂಗಿಯ ಮುಖದ ಅರ್ಧ, ಅಲ್ಲಾಡುವ ಅರ್ಧ, ನಗುತ್ತದೆ.

"ಇನ್ನೊಂದು ಸಲ ಹಾಕಿ ಅಕ್ಕ," ಎನ್ನುತ್ತಾರೆ ಹಾಲನ್.

ಈಗ ರಂಗಿಯ ದನಿ ಎರಡು ಪೆಟ್ಟಿಗೆಯಲ್ಲಿದೆ. ಎರಡೂ ಛತ್ರದ ಬಗೆಯವು, ಮೂವರಿಗೂ ಬಾಯಿ ಬಿಡುವಂಥವು. ಒಂದು ಹುಬ್ಬತಲೈಯಲ್ಲಿ, ಇನ್ನೊಂದು ಮಲ್ಲಾಜಮ್ಮನ ಬೀರುವಿನಲ್ಲಿ. ತೆರೆದರೆ ಹಾಡುಗಳಿಗಿಂತ ಮೇಲೆ, ಎಲ್ಲಕ್ಕೂ ಮೊದಲು ಕಾಣುವುದು ಆ ಚೂರು. ಅದಕ್ಕೇಕೆ ಅಷ್ಟು ಎತ್ತರದ ಮಣೆ ಎಂದು ಕೇಳಿದರೆ, ಮಲ್ಲಾಜಮ್ಮ ಸೆರಗಿನಲ್ಲಿ ಕೀಬೋರ್ಡಿನ ದೂಳು ಒರೆಸುತ್ತಾರೆ.

"ಹಾಡ್ನ ಹಟ್ಟೀಲಿ ಇನ್ಯಾರಾರಾ ಕಲ್ತು ಹಾಡ್ತಾರೆ ಬುಡಿ. ಅವ್ನ ಬಯ್ಯಕ್ಕೆ ಇನ್ಯಾರ್ ಬತ್ತಾರೆ?"