ಔಷಧಿ ಅಂಗಡಿಯ ಧರ್ಮರಕ್ಷಕ

ಔಷಧಿ ಅಂಗಡಿಯವನಿಗೆ ಮೂವತ್ತು ವರ್ಷಗಳಿಂದ ಎರಡೇ ಕಸುಬು: ಹಗಲು ಮಾತ್ರೆ ಮಾರುವುದು, ಸಂಜೆ ಪ್ರಾರ್ಥನಾ ಮಂದಿರದಲ್ಲಿ ಗಂಟಲು ಹರಿದುಕೊಳ್ಳುವುದು. ದೇವರು ಸೃಷ್ಟಿಸಿದ ಜೀವಿಗಳು ಅಂದು ಹೇಗಿದ್ದವೋ ಇಂದೂ ಹಾಗೇ ಇವೆಯೆಂದು ಊರವರಿಂದೆಲ್ಲ ಅರ್ಜಿಗೆ ಸಹಿ ಹಾಕಿಸಿ, ಶಾಲೆಯಲ್ಲಿ ಜೀವವಿಕಾಸದ ಪಾಠವನ್ನೇ ನಿಲ್ಲಿಸಿದ ಮಹಾಶಯ. ಆ ಪಾಠ ಮಾಡುತ್ತಿದ್ದ ಟೀಚರು ಬೇರೆ ಯಾರೂ ಅಲ್ಲ, ಅವನ ಅತ್ತಿಗೆಯೇ.

ಮೊನ್ನೆ ಅತ್ತಿಗೆ ಕೆಮ್ಮುತ್ತಾ ಅಂಗಡಿಗೆ ಬಂದು, ಮೊದಲು ಕೊಡುತ್ತಿದ್ದ ಮಾತ್ರೆಯನ್ನೇ ಕೇಳಿದರು.

"ಅದು ಈಗ ನಾಟಲ್ಲ ಅತ್ತಿಗೆ," ಎಂದ, ದೊಡ್ಡ ಡಾಕ್ಟರ ಗತ್ತಿನಲ್ಲಿ. "ಅದಕ್ಕೆ ಸಾಯದ ಕ್ರಿಮಿಗಳಷ್ಟೇ ಉಳ್ಕೊಂಡು, ಮರಿ ಹಾಕಿ, ಈಗ ಎಲ್ಲಾ ಅಂಥವೇ ಆಗ್ಬಿಟ್ಟಿವೆ."

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇದನ್ನೇ ಕಣಯ್ಯಾ ನಾನು ಮಕ್ಕಳಿಗೆ ಹೇಳ್ಕೊಡ್ತಿದ್ದದ್ದು. ಹೋಗು, ಆ ಕ್ರಿಮಿಗಳ ಹತ್ರಾನೂ ಸಹಿ ಹಾಕಿಸ್ಕೊಂಡು ಬಾ. ಆಮೇಲೆ ಹಳೇ ಮಾತ್ರೆನೇ ಕೊಡು."